ಬೂದಿಯಲ್ಲಿ ಕೂತ ಮಾತುಗಾರ

ಬಹಳ ಬಹಳ ಹಿಂದೆ, ಹೊಳೆಗಳೆಲ್ಲ ಹೆಣ್ಣುಮಕ್ಕಳಾಗಿದ್ದ ಕಾಲ ಮುಗಿದು, ಆ ಹೆಣ್ಣುಗಳ ಹೆಸರು ಮಾತ್ರ ಜನರ ಬಾಯಲ್ಲಿ ಇನ್ನೂ ಉಳಿದಿದ್ದ ಕಾಲದಲ್ಲಿ, ಗ್ರೀಕರ ಕಡಲ ದಂಡೆಯ ಮೇಲೆ ಕೊರ್ಸೆ ಎಂಬ ಪುಟ್ಟ ಊರೊಂದಿತ್ತು. ಒಂದು ವಸಂತದಲ್ಲಿ ಆ ಊರಿನಲ್ಲಿ ಬೆಂಕಿಯೇ ಇರಲಿಲ್ಲ.

ಒಲೆಯಲ್ಲಿ ಇರಲಿಲ್ಲ, ದೀಪದಲ್ಲಿ ಇರಲಿಲ್ಲ, ಕಮ್ಮಾರನ ಕುಲುಮೆಯಲ್ಲೂ ಇರಲಿಲ್ಲ. ನಾಯಿಗಳು ತಣ್ಣಗಿನ ಬೂದಿಯಲ್ಲಿ ಸುರುಳಿ ಸುತ್ತಿ ಮಲಗಿ ಹೋದ ವರ್ಷದ ಬಿಸಿಯ ಕನಸು ಕಾಣುತ್ತಿದ್ದವು. ಆಗಿದ್ದು ಇಷ್ಟು: ಶತ್ರುಗಳು ಒಂದು ಚಳಿಗಾಲವಿಡೀ ಊರೊಳಗೆ ಠಿಕಾಣಿ ಹೂಡಿದ್ದರು. ಊರಿನ ಪವಿತ್ರ ಒಲೆಯಲ್ಲೇ ಅಡುಗೆ ಮಾಡಿಕೊಂಡರು, ಅದೇ ಬೆಂಕಿಯಿಂದ ತಮ್ಮವರ ಹೆಣ ಸುಟ್ಟರು. ಅವರು ತೊಲಗಿದ ಮೇಲೆ ದೇವರ ವಾಣಿಯಾಯಿತು: ಬೆಂಕಿ ಮೈಲಿಗೆಯಾಗಿದೆ, ಎಲ್ಲವನ್ನೂ ಆರಿಸಿ, ತಾಯಿಯ ಒಲೆಯಿಂದ ಹೊಸ ಬೆಂಕಿ ತನ್ನಿ.

ತಾಯಿ ಎಂದರೆ ಆಂತೇಯ. ಕಡಲಿನಾಚೆಯ ದ್ವೀಪದ ದೊಡ್ಡ ಪಟ್ಟಣ. ಕೊರ್ಸೆಯ ಮುತ್ತಜ್ಜ ಮುತ್ತಜ್ಜಿಯರು ದೋಣಿ ಹತ್ತಿ ಬಂದದ್ದು ಅಲ್ಲಿಂದ. ಬರುವಾಗ ಅಲ್ಲಿನ ಒಲೆಯ ಕೆಂಡವನ್ನು ಗಡಿಗೆಯಲ್ಲಿಟ್ಟು ಮಡಿಲಲ್ಲಿ ಕಾಪಾಡಿಕೊಂಡು ತಂದಿದ್ದರು.

ಹಾಗಾಗಿ ಊರಿಗೆ ಊರೇ ಬಾರ್ಲಿ ಹಿಟ್ಟನ್ನು ನೀರಲ್ಲಿ ಕಲಸಿ, ಗಿಣ್ಣು, ಆಲಿವ್ ಕಾಯಿ, ಒಣ ಅಂಜೂರ ನಂಜಿಕೊಂಡು ತಿನ್ನುತ್ತಿತ್ತು. "ನಮ್ಮನೆಯವರಿಗೆ ಅಡುಗೆ ಸುಟ್ಟಿದೆ ಅಂತ ಬೈಯೋ ಯೋಗವೂ ಇಲ್ಲ ಪಾಪ" ಎಂದು ಬಾವಿಯ ಹತ್ತಿರ ಹೆಂಗಸರು ಆಡಿಕೊಳ್ಳುತ್ತಿದ್ದರು. ಆದರೆ ಆಡಿಕೊಂಡು ಯಾರೂ ನಗುತ್ತಿರಲಿಲ್ಲ. ಆ ಊರಿನಲ್ಲಿ ಆಗ ನಗುವುದಕ್ಕೆ ಹೆದರಿಕೆಯಿತ್ತು.

ಯಾಕೆಂದರೆ, ಹುಟ್ಟಿದ ಕೂಸನ್ನು ಎತ್ತಿಕೊಂಡು ಉರಿಯುವ ಒಲೆಯ ಸುತ್ತ ಓಡಿ ಬಂದ ಮೇಲೆಯೇ ಅದಕ್ಕೆ ಹೆಸರು. ಹೆಸರಿಟ್ಟ ಮೇಲೆಯೇ ಅದು ಮನೆಯ ಮಗು. ಬೆಂಕಿಯಿಲ್ಲದ ಆ ವಸಂತದಲ್ಲಿ ಹುಟ್ಟಿದ ಕೂಸುಗಳಿಗೆ ಹೆಸರೇ ಇರಲಿಲ್ಲ. ಹೆಸರಿಲ್ಲದ ಕೂಸು ನಕ್ಕರೆ ಆ ನಗು ಹೊಳೆಯ ಹೆಣ್ಣುಗಳ ಕಿವಿಗೆ ಬೀಳುತ್ತದೆ, ಯಾರ ಮನೆಯದೂ ಅಲ್ಲದ ಈ ಮಗು ನಮ್ಮದೇ ಎಂದು ಅವರು ಬಂದು ಕರೆದುಕೊಂಡು ಹೋಗುತ್ತಾರೆ ಎಂದು ಅಜ್ಜಿಯರು ಹೇಳಿದ್ದರು. ಅಜ್ಜಿಯರು ಹೇಳಿದ್ದನ್ನು ಸುಳ್ಳೆಂದು ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾವ ತಾಯಿಗಿದೆ? ಎಳೆಯ ತಾಯಂದಿರು ಮುಖ ಬಿಗಿದುಕೊಂಡು ಮಗುವಿಗೆ ಹಾಲೂಡುತ್ತಿದ್ದರು. ಬೀದಿಯಲ್ಲಿ ಯಾರೂ ಕೂಸಿನ ಕೆನ್ನೆ ಮುಟ್ಟುತ್ತಿರಲಿಲ್ಲ.

ಮೆಲಾಂತಾಸನ ಮಗಳು ತಿಮೊ ಕೂಡ ಹಾಗೆ ಮುಖ ಬಿಗಿದುಕೊಂಡವಳೇ. ಗಂಡ ಕೋಟೆಗೋಡೆಯ ಮೇಲೆ ಸತ್ತ ಮೇಲೆ ಹುಟ್ಟಿದ ಹೆಣ್ಣುಮಗು ಅವಳದು.

ಮೆಲಾಂತಾಸನೆಂದರೆ ಕೊರ್ಸೆಯ ನಾಲಗೆ. ಊರಿನ ಅರ್ಧ ಕಾನೂನು ಅವನು ಬರೆದದ್ದು. ಬೇಸಿಗೆಯ ಮಧ್ಯಾಹ್ನ ಊರ ಮುಂದಿನ ದೊಡ್ಡ ಮರದ ನೆರಳಲ್ಲಿ ಕೂತು, ಲೋಕ ಯಾವುದರಿಂದ ಆಗಿದೆ ಎಂದು ತರುಣರಿಗೆ ಪಾಠ ಹೇಳುತ್ತಿದ್ದವನೂ ಅವನೇ. ನೀರಿನಿಂದ, ಗಾಳಿಯಿಂದ, ಬೆಂಕಿಯಿಂದ ಎಂದು ಬೇರೆ ಜ್ಞಾನಿಗಳು ಹೇಳುತ್ತಿದ್ದರೆ, ಲೋಕ ಮಾತಿನಿಂದ ಆಗಿದೆ ಎಂಬುದು ಇವನ ವಾದ. ಅವನ ಉಸಿರು ಎಷ್ಟು ಉದ್ದವೆಂದರೆ, ಒಂದೇ ವಾಕ್ಯದ ಮೇಲೆ ಕೂರಿಸಿ ಕೇಳುವವರನ್ನು ಬೆಟ್ಟ ಹತ್ತಿಸಿ ಇಳಿಸಿ ಮನೆಗೆ ಬಿಡುತ್ತಿದ್ದ.

"ಹೊಳೆಯ ಹೆಣ್ಣುಗಳೂ ಇಲ್ಲ, ಏನೂ ಇಲ್ಲ ತಾಯಿ. ಅದೆಲ್ಲ ಕತೆ" ಎಂದ ಮಗಳಿಗೆ.

"ಹಾಗಾದ್ರೆ ನೀನೇ ಅವಳನ್ನ ನಗಿಸು ಅಪ್ಪ, ನೋಡೋಣ."

ಅವನು ತೊಟ್ಟಿಲ ಮೇಲೆ ಬಗ್ಗಿದ. ಮಗು ಕಣ್ಣರಳಿಸಿ ಅವನ ಗಡ್ಡವನ್ನೇ ನೋಡಿತು. ಅವನಿಗೆ ಗೊತ್ತಾಗುವ ಮೊದಲೇ ಅವನ ಮುಖವೂ ಬಿಗಿದುಕೊಂಡಿತ್ತು.

"ಇವಳು ನಗೋ ಮುಂಚೆ ಬೆಂಕಿ ತರ್ತೀನಿ" ಎಂದ. "ನನ್ನ ಮಾತು ಇದು."

"ಮಾತು ನಿನ್ ಹತ್ರ ಬೇಕಾದಷ್ಟಿದೆ, ಬೆಂಕಿ ತಗೊಂಡ್ ಬಾ" ಎಂದಳು ತಿಮೊ.

*

ಅವನು ಆಂತೇಯಕ್ಕೆ ಬಂದಿಳಿದಾಗ ದ್ರಾಕ್ಷಿ ಬಳ್ಳಿಗಳು ಆಗಷ್ಟೇ ಚಿಗುರೊಡೆದಿದ್ದವು. ಕಂಕುಳಲ್ಲಿ ಒಣಗಿದ ಹೆಬ್ಬಡೆಸೋಪಿನ, ಆಳೆತ್ತರ ಬೆಳೆಯುವ ಕಾಡು ಸೋಂಪಿನ ಗಿಡದ, ಉದ್ದನೆಯ ದಂಟೊಂದಿತ್ತು. ಅದರ ಬೆಂಡಿನೊಳಗೆ ಕೆಂಡವಿಟ್ಟರೆ ಹೊರಗೆ ಸುಡದೆ ಒಳಗೊಳಗೇ ಕನವರಿಸುತ್ತಾ ದಿನಗಟ್ಟಲೆ ಬದುಕಿರುತ್ತದೆ.

ಸಭೆ ಕೂಡಿತು. ಪದ್ಧತಿಯಂತೆ ಹಂದಿಮರಿಯ ರಕ್ತದಿಂದ ಅಂಗಳ ಶುದ್ಧವಾಯಿತು. "ಮಾತಾಡುವವರು ಯಾರು?" ಎಂದು ಸಾರುವವನು ಕೂಗಿದ. ಮೆಲಾಂತಾಸ ಎದ್ದು ಸಭೆಯಲ್ಲಿ ಮಾತಾಡುವವರು ತೊಡುವ ಮಿರ್ಟಲ್ ಗಿಡದ ಎಲೆಯ ಮಾಲೆಯನ್ನು ತಲೆಗೆ ಧರಿಸಿ ಕಲ್ಲಿನ ಕಟ್ಟೆ ಹತ್ತಿದ. ಮೊದಲು ಮುತ್ತಜ್ಜಿಯರ ದೋಣಿಯ ಕತೆ ಹೇಳಿದ. ಅಲೆ ಬಡಿದಾಗ ಒಬ್ಬಳು ಕೆಂಡದ ಗಡಿಗೆಯ ಮೇಲೆ ಬೋರಲು ಬಿದ್ದು, ತನ್ನ ಹೊಟ್ಟೆ ಸುಟ್ಟುಕೊಂಡು ಅದನ್ನು ಉಳಿಸಿದ್ದನ್ನು ಹೇಳಿದ. ಆಮೇಲೆ ತಣ್ಣಗಿನ ಊರನ್ನು, ನಗದ ತಾಯಂದಿರನ್ನು, ತೊಟ್ಟಿಲಿನ ಮೊಮ್ಮಗಳನ್ನು ವರ್ಣಿಸಿದ. ಮಾತು ಮುಗಿದಾಗ ಹಡಗು ಕಟ್ಟುವ ಒರಟರೂ ಮೂಗು ಒರೆಸಿಕೊಳ್ಳುತ್ತಿದ್ದರು.

ಊರಿನ ಹಿರಿಯರ ಮುಖ್ಯಸ್ಥ ಫೈದಿಮ ಎದ್ದು ನಿಂತ. ಮೆಲಾಂತಾಸನಿಗೆ ಇಳಿದುಕೊಳ್ಳಲು ಮನೆ ಕೊಟ್ಟವನೂ ಅವನೇ. ದುಂಡನೆಯ ಆಳು, ಊಟ ಮತ್ತು ಭಾಷಣ ಎರಡರಲ್ಲೂ ರುಚಿ ಬಲ್ಲವನು. "ಇಂಥ ಮಾತಿಗೆ ಆಲಿವ್ ಎಲೆಯ ಕಿರೀಟ ತೊಡಿಸಬೇಕು, ಒಪ್ಪುವವರು ಕೈ ಎತ್ತಿ!" ಎಂದ. ಕೈಗಳ ಕಾಡೇ ಎದ್ದಿತು. ಕಿರೀಟ ತೊಡಿಸಿದರು. ಕುಣಿದರು. ಬಿಸಿಲೇರಿತೆಂದು ಎಲ್ಲರೂ ಊಟಕ್ಕೆ ಹೋದರು.

"ಬೆಂಕಿಯ ವಿಚಾರ?" ಎಂದ ಮೆಲಾಂತಾಸ.

"ಅದು ಇನ್ನೊಂದು ಸಭೆಗೆ. ಬೆಂಕಿ ಎಲ್ಲಿಗೆ ಹೋಗುತ್ತೆ ಮಾರಾಯಾ? ನಮ್ಮಜ್ಜನ ಕಾಲದಿಂದ ಅಲ್ಲೇ ಇದೆ" ಎಂದ ಫೈದಿಮ.

"ನನ್ನ ಮೊಮ್ಮಗಳು ಅಲ್ಲೇ ಇರೋಲ್ಲ ಫೈದಿಮಾ. ದಿನಕ್ಕಿಷ್ಟು ಬೆಳೀತಾಳೆ."

ಫೈದಿಮನ ಕಣ್ಣು ತುಂಬಿ ಬಂತು. ಅವನು ಮೆಲಾಂತಾಸನ ತೋಳು ಹಿಡಿದುಕೊಂಡ. "ಇದನ್ನ ಮುಂದಿನ ಸಲ ಸೇರಿಸ್ಕೋ. ದೋಣಿ ಕತೆ ಆದ ತಕ್ಷಣ. ಎಲ್ಲರೂ ಅಳ್ತಾರೆ ನೋಡ್ತಿರು!"

ಮುಂದಿನ ಸಭೆಗೆ ಸುತ್ತಲಿನ ಹಳ್ಳಿಗಳಿಂದಲೂ ಜನ ಬಂದರು. ಬುತ್ತಿ ಕಟ್ಟಿಕೊಂಡು ಬಂದಿದ್ದರು. "ದೋಣಿಯಿಂದ ಶುರು ಮಾಡಿ!" ಎಂದು ಹಿಂದಿನಿಂದ ಕೂಗಿದರು. ಮೆಲಾಂತಾಸ ಮೊದಲಿಗಿಂತ ಚೆನ್ನಾಗಿ ಮಾತಾಡಿದ. ನಾಟಕದ ಬಯಲಿನಲ್ಲಿ ಪೂಜಾರಿಯ ಪಕ್ಕದ ಆಸನ ಅವನಿಗೆ ಮೀಸಲೆಂದು ತೀರ್ಮಾನವಾಯಿತು. ಅದರ ಮುಂದಿನ ಸಭೆ ಅವನದೊಂದು ಕಂಚಿನ ಪ್ರತಿಮೆ ನಿಲ್ಲಿಸಲು ಒಪ್ಪಿತು. ಶಿಲ್ಪಿ ದಾರ ಹಿಡಿದುಕೊಂಡು ಬಂದು ಅವನ ಕಿವಿ ಅಳೆದ. ಆಮೇಲೆ ಎಲ್ಲಕ್ಕಿಂತ ದೊಡ್ಡ ಗೌರವ: ಆಂತೇಯದ ಒಲೆಮನೆಯಲ್ಲಿ, ಊರಿನ ಪವಿತ್ರ ಬೆಂಕಿಯ ಪಕ್ಕದಲ್ಲೇ, ಹಿರಿಯರ ಪಂಕ್ತಿಯಲ್ಲಿ ಜೀವನಪೂರ್ತಿ ಊಟ.

ಬೆಂಕಿಯ ಮಾತಿಗೆ ಮಾತ್ರ ಹೊತ್ತು ಸಾಲಲಿಲ್ಲ.

ಬಳ್ಳಿಗಳಲ್ಲಿ ಹಸಿರು ಗೊಂಚಲು ಇಳಿಬಿದ್ದವು. ಮೆಲಾಂತಾಸ ಬೆಳಗ್ಗೆ ಎದ್ದು ದಡಕ್ಕೆ ಹೋಗಿ ಕೊರ್ಸೆಯ ದಿಕ್ಕಿಗೆ ಕಿವಿಗೊಟ್ಟು ನಿಲ್ಲುತ್ತಿದ್ದ. ಕಡಲು ಹಾದು ಒಂದು ನಗು ಕೇಳಿಸುವುದುಂಟೇ? ತರುಣರಿಗೆ ಪಾಠ ಹೇಳುವಾಗ ಇಂಥದ್ದನ್ನು ಅವನೇ ಹಾಸ್ಯ ಮಾಡಿದ್ದ. ಈಗ ಕಡಲಹಕ್ಕಿ ಕೂಗಿದರೂ ಎದೆ ಧಸಕ್ಕೆನ್ನುತ್ತಿತ್ತು. ಮಾತು ಇನ್ನೂ ಸಾಣೆಗೊಳ್ಳಬೇಕು, ಇನ್ನೂ ಒಂದು ಒಳ್ಳೆಯ ಉಪಮೆ ಸಿಕ್ಕರೆ ಇವರು ಕರಗುತ್ತಾರೆ ಎಂದುಕೊಂಡು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಅಭ್ಯಾಸ ಮಾಡುತ್ತಿದ್ದ.

ಹೀಗಿರುವಾಗ ಒಂದು ಬೆಳಗ್ಗೆ, ಮೀನಿನ ಕಟ್ಟೆಯ ಗೋಡೆಯಾಚೆ ಇಬ್ಬರು ಹೆಂಗಸರು ಮಾತಾಡಿಕೊಳ್ಳುವುದು ಕೇಳಿಸಿತು.

"ಪಾಪ ಕಣೇ, ಬೆಂಕಿ ಕೊಟ್ಟು ಕಳಿಸಬಾರದಾ?"

"ಕೊಟ್ರೆ ಹೊರಟೇ ಹೋಗ್ತಾನಲ್ಲೇ! ಆಮೇಲೆ ಮತ್ತೆ ಆ ಫೈದಿಮನ ಭಾಷಣ ಕೇಳ್ಬೇಕು. ಅದಕ್ಕಿಂತ ನನ್ನ ಕತ್ತೆ ವಾಸಿ."

"ಅದೂ ನಿಜ ಅನ್ನು. ನಮ್ಮನೆಯವರಂತೂ ದೋಣಿ ಕತೆ ಕೇಳಿದ ದಿನ ನನ್ನ ಹತ್ರ ಜಗಳಾನೇ ಆಡಲ್ಲ."

ಮೆಲಾಂತಾಸ ಗೋಡೆಗೆ ಒರಗಿ ನಿಂತುಬಿಟ್ಟ. ತನ್ನ ಮಾತೇ ತನ್ನ ಕಾಲಿಗೆ ಬಳ್ಳಿಯಂತೆ ಸುತ್ತಿಕೊಂಡದ್ದು ಆಗ ಅವನಿಗೆ ಕಾಣಿಸಿತು. ಅವನು ಚೆನ್ನಾಗಿ ಕೇಳಿದಷ್ಟೂ ಇವರು ಕೊಡುವುದಿಲ್ಲ.

*

ಅವತ್ತು ಮಧ್ಯಾಹ್ನ ಫೈದಿಮನ ಹಿತ್ತಿಲ ಅಂಜೂರದ ನೆರಳಲ್ಲಿ ಮಲಗಿದ್ದವನಿಗೆ ಜೊಂಪು ಹತ್ತಿತು. ಜೀರುಂಡೆಗಳ ಸದ್ದು ದೂರ ದೂರವಾಗಿ ಒಂದು ಹಳೆಯ ಅಡುಗೆಮನೆ ತೆರೆದುಕೊಂಡಿತು. ಒಲೆಯ ಮುಂದೆ ಅವನ ಅಜ್ಜಿ ಮೆಲಿನ್ನ ಕುಕ್ಕರುಗಾಲಲ್ಲಿ ಕೂತಿದ್ದಳು. ಹುಬ್ಬಿನ ಮೇಲೆಲ್ಲ ಬೂದಿ. ಕೆನ್ನೆ ಉಬ್ಬಿಸಿ ಕೆಂಡ ಊದುತ್ತಿದ್ದಳು. ಊದಿದಾಗೆಲ್ಲ ಅವಳ ಮುಖ ಕೆಂಪಾಗಿ ಹೊಳೆದು ಮತ್ತೆ ಕತ್ತಲಾಗುತ್ತಿತ್ತು. ಅವನು ಮತ್ತೆ ಚಿಕ್ಕವನಾಗಿದ್ದ.

"ಕತೆ ಹೇಳಜ್ಜಿ."

ಅಜ್ಜಿ ಇನ್ನೊಮ್ಮೆ ಊದಿದಳು.

"ಅಜ್ಜೀ, ಹೇಳೂ!"

"ಇರೋದು ಒಂದೇ ಉಸಿರು ಕಣೋ ಬಂಗಾರ" ಎಂದಳು ಅಜ್ಜಿ, ಅವನ ಕಡೆ ತಿರುಗದೆಯೇ. "ಊದ್ಲೋ, ಹೇಳ್ಲೋ?"

ಎಚ್ಚರವಾದಾಗ ಎದೆಯ ಮೇಲೊಂದು ಅಂಜೂರದ ಎಲೆ ಬಿದ್ದಿತ್ತು. ಮೆಲಾಂತಾಸ ಎದ್ದು ಮುಖ ತೊಳೆದ. ತಲೆಗೆ ಆಂತೇಯದವರು ತೊಡಿಸಿದ ಆಲಿವ್ ಕಿರೀಟ ಇಟ್ಟುಕೊಂಡ. ದಂಟನ್ನು ಕಂಕುಳಿಗೆ ಸೇರಿಸಿ ಒಲೆಮನೆಗೆ ನಡೆದ.

ಅಲ್ಲಿ ಬಾಗಿಲು ಕಾಯುವವನು ನಗುತ್ತಾ ದಾರಿ ಬಿಟ್ಟ. ಜೀವನಪೂರ್ತಿ ಊಟದ ಅತಿಥಿಯನ್ನು ತಡೆಯುವವರು ಯಾರು? ಒಳಗೆ ಲೈದೆ ಎಂಬ ಮುದುಕಿ ಬೆಂಕಿಗೆ ಸೌದೆ ಒಟ್ಟುತ್ತಿದ್ದಳು. ಮದುವೆಯ ವಯಸ್ಸು ದಾಟಿದ ವಿಧವೆಯೇ ಊರಿನ ಬೆಂಕಿ ಕಾಯಬೇಕೆಂಬುದು ಅಲ್ಲಿನ ಪದ್ಧತಿ.

"ಇಷ್ಟು ಬೇಗ ಬಂದ್ರಾ? ಮೀನು ಇನ್ನೂ ಕಡಲಲ್ಲೇ ಇದೆ" ಎಂದಳು.

ಮೆಲಾಂತಾಸ ಮಾತಾಡಲಿಲ್ಲ. ಕಿರೀಟದಿಂದ ಒಂದು ಆಲಿವ್ ರೆಂಬೆಯನ್ನು ಬಿಡಿಸಿದ. ಹೊದ್ದ ವಸ್ತ್ರದ ಅಂಚಿನಿಂದ ಉಣ್ಣೆಯ ಎಳೆ ಕಿತ್ತು ಅದಕ್ಕೆ ಸುತ್ತಿದ. ಒಲೆಯ ಪಕ್ಕದ ಬೂದಿಯಲ್ಲಿ, ಬಿಳಿ ಬಟ್ಟೆ ಕೊಳೆಯಾಗುವುದನ್ನೂ ನೋಡದೆ, ಕಾಲು ಮಡಿಚಿ ಕೂತ.

ಲೈದೆಯ ಕೈಯಲ್ಲಿದ್ದ ಸೌದೆ ಅಲ್ಲೇ ನಿಂತಿತು. ಅರ್ಥವಾಗದ ಮಾತೇನಲ್ಲ ಅದು. ಉಣ್ಣೆ ಸುತ್ತಿದ ರೆಂಬೆ ಹಿಡಿದು ಒಲೆಯ ಬೂದಿಯಲ್ಲಿ ಕೂತವನು ಶರಣು ಬಂದವನು, ಸ್ವತಃ ಜೀಯಸ್ ದೇವರ ಮನುಷ್ಯ. ಮನೆಯ ಯಜಮಾನ ಅವನ ಕೈ ಹಿಡಿದು ಎಬ್ಬಿಸಬೇಕು. ಎಬ್ಬಿಸಿದರೆ ಅವನು ಬಯಸಿದ್ದನ್ನು ಕೊಟ್ಟಂತೆ. ಎಬ್ಬಿಸುವ ತನಕ ಆ ಮನೆಯಲ್ಲಿ ಯಾರೂ ತುತ್ತು ಬಾಯಿಗಿಡುವಂತಿಲ್ಲ.

ಹಿರಿಯರು ಒಬ್ಬೊಬ್ಬರಾಗಿ ಊಟಕ್ಕೆ ಬಂದರು, ಒಬ್ಬೊಬ್ಬರಾಗಿ ಬಾಗಿಲಲ್ಲೇ ನಿಂತರು. ಫೈದಿಮ ಬಂದವನು ಮೊದಲು ನಕ್ಕ.

"ಏನಯ್ಯ ಇದು, ಬೂದಿಯಲ್ಲಿ? ಏಳು, ಏಳು, ಮಂಚದ ಮೇಲೆ ಒರಗಿಕೋ. ನಿನಗೇನು ಬೇಕೋ ನಾಳೆ ಸಭೆಯಲ್ಲಿ ಕೇಳುವಿಯಂತೆ."

ಮೆಲಾಂತಾಸ ರೆಂಬೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಸುದ್ದಿ ಊರೆಲ್ಲ ಹರಡಿತು. ಜನ ಕಿಟಕಿಗೆ, ಬಾಗಿಲಿಗೆ, ಮೆಟ್ಟಿಲಿಗೆ ಜೇನಿನಂತೆ ಮುತ್ತಿದರು. "ಬೂದಿಯಲ್ಲಿ ಕೂತು ಮಾತಾಡ್ತಾನಂತೆ, ಹೊಸ ಥರ!" ಎಂದ ಒಬ್ಬ. "ಸುಮ್ನಿರೋ, ಶುರು ಮಾಡ್ತಾನೆ ಈಗ" ಎಂದ ಇನ್ನೊಬ್ಬ. ಅವರು ಕಾದರು. ಮೀನು ಬೆಂದು ಬಂತು, ಕುರಿಮರಿಯ ಮಾಂಸ ಬಂತು, ಎಲ್ಲವೂ ಮೇಜಿನ ಮೇಲೆ ಹೊಗೆಯಾಡಿ ಹೊಗೆಯಾಡಿ ಸುಮ್ಮನಾದವು.

ಆ ಹೊತ್ತಿನಲ್ಲಿ ಮೆಲಾಂತಾಸನ ಬಾಯಿಗೆ ಒಂದು ವಾಕ್ಯ ಬಂತು. ಎಲ್ಲಿಂದ ಬಂತೋ, ಅವನ ಆಯುಷ್ಯದಲ್ಲೇ ಅಷ್ಟು ಚೆಲುವಾದ ವಾಕ್ಯ ಬಂದಿರಲಿಲ್ಲ. ಬೂದಿಯಿತ್ತು ಅದರಲ್ಲಿ, ಕಡಲಿತ್ತು, ತಣ್ಣಗಾದ ಮೀನೂ ಇತ್ತು. ಹೇಳಿದ್ದರೆ ಇಡೀ ಆಂತೇಯ ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಅತ್ತು, ಕಣ್ಣೊರೆಸಿಕೊಂಡು, ಎರಡನೆಯ ಪ್ರತಿಮೆಗೆ ಕೈ ಎತ್ತುತ್ತಿತ್ತು. ವಾಕ್ಯ ನಾಲಗೆಯ ತುದಿಯಲ್ಲಿ ಕುಣಿಯಿತು. ಅವನು ಕಣ್ಣು ಮುಚ್ಚಿ ಅದನ್ನು ನುಂಗಿದ. ಬಿಸಿ ಕೆಂಡ ನುಂಗಿದ ಹಾಗೆ ಅದು ಎದೆಯಲ್ಲಿ ಇಳಿದು ಹೋಯಿತು.

"ಯಜಮಾನ್ರೇ, ಮೀನು ತಣ್ಣಗಾಯ್ತು" ಎಂದಳು ಲೈದೆ, ಯಾರನ್ನೂ ನೋಡದೆ ಬೆಂಕಿ ಕೆದಕುತ್ತಾ. "ತಣ್ಣಗಿನ ಊಟ ಹೇಗಿರುತ್ತೆ ಅಂತ ಅವರನ್ನೇ ವಿಚಾರಿಸಿ. ಅವರ ಊರಲ್ಲಿ ಅದೇ ತಾನೆ ಈಗ."

ಫೈದಿಮ ಗಂಟಲು ಸರಿಮಾಡಿಕೊಂಡ. ತಣ್ಣಗಾದ ಮೀನಿನ ಕಡೆ ನೋಡಿದ. ಜನ ಮೆಲ್ಲಗೆ ಸುಮ್ಮನಾದರು. ಸೌದೆ ಬಿರಿಯುವ ಸದ್ದು, ಸೌದೆಯೊಳಗಿನ ಹಸಿರಸ ಕುದಿದು ಸೀಟಿ ಹೊಡೆಯುವ ಸದ್ದು ಕೇಳಿಸತೊಡಗಿತು. ದಿನಾ ಅಲ್ಲೇ ಊಟ ಮಾಡುವ ಹಿರಿಯರೂ ತಮ್ಮ ಬೆಂಕಿಯ ಸದ್ದನ್ನು ಅಷ್ಟು ಹೊತ್ತು ಕೇಳಿಸಿಕೊಂಡಿರಲಿಲ್ಲ.

ಆ ನಿಶ್ಶಬ್ದದಲ್ಲಿ, ಬಾಗಿಲ ಬಳಿ ಯಾರದೋ ಹೆಗಲ ಮೇಲಿದ್ದ ಒಂದು ಕೂಸು ಬೆಂಕಿಯ ಕಿಡಿ ಹಾರುವುದನ್ನು ನೋಡಿ ಕಿಲಕಿಲನೆ ನಕ್ಕಿತು.

ಮೆಲಾಂತಾಸ ಬೆಚ್ಚಿಬಿದ್ದ. ರೆಂಬೆ ಕೈಯಿಂದ ಜಾರಿತು. ಅವನು ಬಾಗಿಲ ಕಡೆ ತಿರುಗಿ ನೋಡಿದ ನೋಟವನ್ನು ಆಂತೇಯದವರು ಅವನ ಯಾವ ಭಾಷಣದಲ್ಲೂ ಕಂಡಿರಲಿಲ್ಲ. ಮರುಕ್ಷಣ, ಇದು ಹೆಸರಿರುವ ಮಗು, ತಾಯಿಯ ಹೆಗಲ ಮೇಲಿರುವ ಮಗು ಎಂದು ತಿಳಿದು ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೂದಿ ಮೆತ್ತಿದ ಬೆರಳುಗಳ ಸಂದಿಯಿಂದ ನೀರು ಇಳಿಯಿತು.

ಆ ತಾಯಿ ತನ್ನ ಮಗುವನ್ನು ಎದೆಗೆ ಒತ್ತಿಕೊಂಡಳು. "ಅಯ್ಯೋ, ಕತೆ ಅಂದ್ಕೊಂಡಿದ್ವಲ್ಲ" ಎಂದಳು.

ಯಾರೂ ಮತ ಕೇಳಿರಲಿಲ್ಲ. ಆದರೂ ಬಾಗಿಲಲ್ಲಿ ಅವಳ ಕೈ ಎದ್ದಿತು. ಅವಳ ಪಕ್ಕದವಳ ಕೈ ಎದ್ದಿತು. ಹೆಂಗಸರಿಗೆ ಮತವಿಲ್ಲವೆಂದು ಯಾರಿಗೂ ಆಗ ನೆನಪಾಗಲಿಲ್ಲ. ಕಿಟಕಿಯಲ್ಲಿ, ಮೆಟ್ಟಿಲಲ್ಲಿ, ಬೀದಿಯ ತುದಿಯವರೆಗೂ ಕೈಗಳು ಸದ್ದಿಲ್ಲದೆ ಏಳುತ್ತಾ ಹೋದವು. ಫೈದಿಮ ಕಷ್ಟಪಟ್ಟು ಮೊಣಕಾಲೂರಿ ಬೂದಿಗೆ ಇಳಿದ.

"ಏಳಪ್ಪ" ಎಂದ ಅವನ ಕೈ ಹಿಡಿದು. "ನಮ್ಮನ್ನ ಕ್ಷಮಿಸು. ನೀನು ಹೋಗಿಬಿಡ್ತೀಯಲ್ಲ ಅಂತ ಸಂಕಟ ಆಗ್ತಿತ್ತು, ಅಷ್ಟೇ."

ಲೈದೆ ಇಕ್ಕಳದಲ್ಲಿ ಕೆಂಡ ಹೆಕ್ಕಿ ದಂಟಿನೊಳಗಿಟ್ಟು, ತುದಿಗೆ ಹಸಿಮಣ್ಣು ಮೆತ್ತಿ, ಸಣ್ಣದೊಂದು ತೂತು ಬಿಟ್ಟಳು. "ನಡುನಡುವೆ ಊದ್ತಾ ಇರು. ಬಹಳ ಜೋರಾಗಿ ಬೇಡ. ಮಗುವಿನ ಕಣ್ಣಿಗೆ ಊದಿದ ಹಾಗೆ."

*

ಕಡಲ ಮೇಲೆ ಗಾಳಿ ಎದ್ದಿತು. ದೋಣಿಯವನು ಹುಟ್ಟು ಹಾಕುತ್ತಾ, "ಅಣ್ಣಾ, ಎಲ್ಲರೂ ಕೇಳಿದಾರೆ, ನಾನೊಬ್ಬನೇ ಕೇಳಿಲ್ಲ. ಆ ದೋಣಿ ಕತೆ ಒಂದ್ಸಲ ಹೇಳಿಬಿಡಿ, ದಾರಿ ಸವೆಯುತ್ತೆ" ಎಂದು ಗೋಗರೆದ. ಮೆಲಾಂತಾಸ ತಲೆಯಲ್ಲಾಡಿಸಿದ. ಅವನು ದಂಟನ್ನು ಎದೆಗವಚಿಕೊಂಡು, ಅದರ ಮೇಲೆ ಬಟ್ಟೆ ಮರೆಮಾಡಿ, ಬಾಗಿ ಕೂತಿದ್ದ. ಒಂದು ಅಲೆ ಬಡಿದು ಉಪ್ಪುನೀರು ಸಿಡಿಯಿತು. ತೂತಿನಿಂದ ನೋಡಿದರೆ ಒಳಗಿನ ಕೆಂಪು ದಾಳಿಂಬೆಯ ಕಾಳಿನಷ್ಟಾಗಿತ್ತು.

ಅವನು ಊದಿದ. ಸಭೆಗಳನ್ನು ಬೆಟ್ಟ ಹತ್ತಿಸಿ ಇಳಿಸುತ್ತಿದ್ದ ಆ ಉದ್ದನೆಯ ಉಸಿರನ್ನು ಎಳೆ ಎಳೆಯಾಗಿ, ತುಂಡಾಗದಂತೆ, ಮಗುವಿನ ಕಣ್ಣಿಗೆ ಊದಿದ ಹಾಗೆ ಊದಿದ. ಕಾಳು ಮೆಲ್ಲಗೆ ಅರಳಿತು. ಅವನ ಕೆನ್ನೆಗೆ ಬೆಳಕು ಬಿತ್ತು. ದೋಣಿಯವನು ಆ ಮುಖ ನೋಡಿ ಕತೆ ಕೇಳುವುದನ್ನು ಮರೆತ.

ಕೊರ್ಸೆಯ ದಡದಲ್ಲಿ ತಿಮೊ ನಿಂತಿದ್ದಳು. ಮುಖ ಕಲ್ಲಿನಂತೆ ಬಿಗಿದಿತ್ತು. ಹೆಗಲ ಮೇಲೆ ಮಗು. ಮೆಲಾಂತಾಸ ನೀರಿಗೇ ಇಳಿದು ನಡೆದು ಬಂದ. ಮಗು ನಕ್ಕಿತೇ ಎಂದು ಬರೀ ಕಣ್ಣಲ್ಲಿ ಕೇಳಿದ.

"ಇನ್ನೂ ಇಲ್ಲ" ಎಂದಳು ತಿಮೊ. "ನಿನ್ನೆ ಚಿಟ್ಟೆ ನೋಡಿ ತುಟಿ ಅಲ್ಲಾಡಿಸಿದಳು. ಎದ್ದು ಒಳಗೆ ಎತ್ಕೊಂಡು ಹೋದೆ. ಬೇಗ ನಡಿ ಅಪ್ಪ. ಇವತ್ತು ಬೆಳಗ್ಗಿಂದ ನನ್ನ ಮುಖಾನೇ ನೋಡ್ತಿದಾಳೆ."

ಊರಿನ ಒಲೆಗೆ ಮೊದಲು. ದಂಟು ಸೀಳಿದರು, ಒಣ ಹುಲ್ಲಿಟ್ಟರು. ಜನ ಭಾಷಣವೊಂದನ್ನು ಎದುರು ನೋಡುತ್ತಾ ಸುತ್ತ ನಿಂತರು. ಮೆಲಾಂತಾಸ ಮಂಡಿಯೂರಿ ಊದಿದ. ಹೊಗೆ ಬಂತು. ಕಣ್ಣುರಿಯಿತು. ಇನ್ನೊಮ್ಮೆ ಊದಿದ. ಪುಟ್ಟದೊಂದು ಜ್ವಾಲೆ ಎದ್ದು, ಯಾರು ಕರೆದದ್ದು ಎನ್ನುವಂತೆ ಆಚೀಚೆ ನೋಡಿ, ನಿಂತಿತು. ಊರವರೆಲ್ಲ ಕೊಳ್ಳಿ ಹಿಡಿದುಕೊಂಡು ನುಗ್ಗಿದರು. ಅವನು ತನ್ನ ಕೊಳ್ಳಿಯನ್ನು ಅಂಗೈಯಿಂದ ಮರೆಮಾಡಿಕೊಂಡು ಮನೆಗೆ ಓಡಿದ. ತಿಮೊ ಹಿಂದೆಯೇ ಓಡಿದಳು.

ಮನೆಯ ಒಲೆ ಹೊತ್ತಿತು. ಗೋಡೆಯ ಮೇಲೆ ಮರೆತುಹೋಗಿದ್ದ ನೆರಳುಗಳೆಲ್ಲ ಎದ್ದು ಬಂದವು. ಸತ್ತ ಅಳಿಯನ ಬದಲಿಗೆ ತಾತನೇ ಮಗುವನ್ನು ಎತ್ತಿಕೊಂಡ. ಮುದಿ ಕಾಲುಗಳಲ್ಲಿ, ಬೂದಿ ಮೆತ್ತಿದ ಗಡ್ಡ ಹಾರಿಸುತ್ತಾ, ಏದುಸಿರು ಬಿಡುತ್ತಾ ಒಲೆಯ ಸುತ್ತ ಓಡಿದ. ಮಗು ಬೆಂಕಿಯನ್ನು ನೋಡಿತು, ತಾತನನ್ನು ನೋಡಿತು, ಮತ್ತೆ ತಾಯಿಯ ಬಿಗಿದ ಮುಖವನ್ನೇ ನೋಡಿತು. ಅದರ ತುಟಿಯ ಮೂಲೆ ಅಲುಗತೊಡಗಿತ್ತು.

"ಅಪ್ಪಾ, ಬೇಗ ಹೆಸರು ಹೇಳೂ!" ಎಂದಳು ತಿಮೊ.

ಎಲ್ಲ ಊದಿ ಮುಗಿದು ಅವನಲ್ಲಿ ಉಳಿದದ್ದು ಒಂದೇ ಮಾತಿಗೆ ಸಾಲುವಷ್ಟು ಉಸಿರು.

"ಮೆಲಿನ್ನ" ಎಂದ ಮೆಲಾಂತಾಸ. ಅವನ ಅಜ್ಜಿಯ ಹೆಸರು.

ತಿಮೊಳ ಮುಖ ಸಡಿಲವಾಯಿತು. ಮೊದಲು ಹಣೆ, ಆಮೇಲೆ ಕಣ್ಣು, ಆಮೇಲೆ ಬಾಯಿ. ಹುಟ್ಟಿದಂದಿನಿಂದ ಅದಕ್ಕೇ ಕಾದಿದ್ದ ಹಾಗೆ ಮೆಲಿನ್ನ ಎಷ್ಟು ಜೋರಾಗಿ ನಕ್ಕಳೆಂದರೆ, ಬೂದಿಯಲ್ಲಿ ಮಲಗಿದ್ದ ನಾಯಿ ಎದ್ದು ಬಾಲ ಅಲ್ಲಾಡಿಸಿತು.